ಪುಟ್ಟ ಕಚೇರಿಯ ನೆಟ್‌ವರ್ಕ್‌ಗೆ ಹೊರಗಿನಿಂದ ಪ್ರವೇಶ: ಮೊದಲ ಹೆಜ್ಜೆಯಿಂದ ಕೊನೆಯವರೆಗೆ

ಕಚೇರಿಯಲ್ಲಿ ಆರೆಂಟು ಕಂಪ್ಯೂಟರು, ಒಂದು ಪ್ರಿಂಟರ್, ಫೈಲುಗಳನ್ನು ಇಡಲು ಒಂದು ನಾಸ್ ಪೆಟ್ಟಿಗೆ, ಎಲ್ಲಕ್ಕೂ ಸೇರಿ ಒಂದು ರೂಟರ್. ಮನೆಯಲ್ಲೋ ಪ್ರಯಾಣದಲ್ಲೋ ಇದ್ದುಕೊಂಡು ಇವುಗಳ ಮೇಲೆ ಕೆಲಸ ಮಾಡಬೇಕು. ಇದಕ್ಕೆ ಎಲ್ಲರೂ ಕೊಡುವ ಸುಲಭದ ಸಲಹೆಯೊಂದಿದೆ: ರೂಟರಿನಲ್ಲಿ 3389ನೇ ಪೋರ್ಟ್ (ಸಂಪರ್ಕ ಒಳಬರುವ, ಸಂಖ್ಯೆಯಿಟ್ಟ ಬಾಗಿಲು) ತೆರೆದು ಕಚೇರಿಯ ಕಂಪ್ಯೂಟರಿನತ್ತ ತಿರುಗಿಸಿಬಿಡಿ, ದೂರದಿಂದ ಕಂಪ್ಯೂಟರಿನ ಪರದೆ ತೆರೆಯುವ ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ನೇರವಾಗಿ ಸಿಗುತ್ತದೆ. ಐದು ನಿಮಿಷದ ಕೆಲಸ, ನಿಜ. ಆದರೆ ಮಾಡಬೇಡಿ.

ಇಂಟರ್‌ನೆಟ್‌ನಲ್ಲಿ ತೆರೆದಿರುವ 3389ನ್ನು ಹುಡುಕುತ್ತಲೇ ಇರುವ ಯಂತ್ರಗಳಿವೆ. ಸಿಕ್ಕ ಕೂಡಲೇ ಪಾಸ್‌ವರ್ಡ್ ಊಹಿಸತೊಡಗುತ್ತವೆ. ಪಾಸ್‌ವರ್ಡ್ ಎಷ್ಟೇ ಗಟ್ಟಿಯಿದ್ದರೂ ಉಪಯೋಗಕ್ಕೆ ಬಾರದ ಸಂದರ್ಭಗಳೂ ಇವೆ. 2019ರಲ್ಲಿ ಹೊರಬಿದ್ದ ಬ್ಲೂಕೀಪ್ ಎಂಬ ದೋಷದಲ್ಲಿ ಲಾಗಿನ್ ಆಗುವ ಮೊದಲೇ ಕಂಪ್ಯೂಟರಿನೊಳಗೆ ನುಗ್ಗಬಹುದಿತ್ತು. ಬೆಂಬಲ ನಿಂತು ಐದು ವರ್ಷವಾಗಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ಪ್ಯಾಚ್ ಕೊಟ್ಟಿತು ಎಂದರೆ ಅದರ ಗಂಭೀರತೆ ಗೊತ್ತಾಗುತ್ತದೆ. 3389ರ ಬದಲು ಬೇರೆ ಸಂಖ್ಯೆಯ ಪೋರ್ಟ್ ಇಟ್ಟರೆ ಸಾಕು ಎನ್ನುವವರೂ ಇದ್ದಾರೆ. ಹುಡುಕುವ ಯಂತ್ರಗಳು ಎಲ್ಲ ಪೋರ್ಟ್‌ಗಳನ್ನೂ ತಟ್ಟಿ ನೋಡುತ್ತವೆ. ಸಂಖ್ಯೆ ಬದಲಾದರೆ ಸಿಗುವುದು ಸ್ವಲ್ಪ ತಡವಾಗುತ್ತದೆ, ಅಷ್ಟೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸ ನಮಗೆ ಬೇಡ.

ಇಲ್ಲಿ ಹೇಳುವ ವಿಧಾನದಲ್ಲಿ ಕಚೇರಿಯ ಯಾವ ಕಂಪ್ಯೂಟರೂ ಹೊರಗಿನವರಿಗೆ ಕಾಣುವುದಿಲ್ಲ. ಹೊರಗಿನಿಂದ ಬರುವವರು ಮೊದಲು ವಿಪಿಎನ್ ಸುರಂಗದ (ಇಂಟರ್‌ನೆಟ್ ಮೇಲೆ ಗುಪ್ತಲಿಪಿಯಲ್ಲಿ ಸಾಗುವ ಖಾಸಗಿ ದಾರಿ) ಮೂಲಕ ಕಚೇರಿಯ ನೆಟ್‌ವರ್ಕ್ ಒಳಗೆ ಬರುತ್ತಾರೆ, ಆಮೇಲೆ ರಿಮೋಟ್ ಡೆಸ್ಕ್‌ಟಾಪ್ ಬಳಸುತ್ತಾರೆ. ಸುರಂಗ ಕಟ್ಟುವುದು ಕಷ್ಟವಲ್ಲ. ಜನ ಎಡವುವುದು ಹೆಚ್ಚಾಗಿ ಐಪಿ ವಿಳಾಸಗಳ ಲೆಕ್ಕಾಚಾರದಲ್ಲಿ. ಆದ್ದರಿಂದ ಈ ಬರಹದಲ್ಲಿ ಎನ್‌ಕ್ರಿಪ್ಷನ್‌ಗಿಂತ ವಿಳಾಸಗಳ ಮಾತೇ ಜಾಸ್ತಿ.

ಹೆಜ್ಜೆ 1: ಯಾರಿಗೆ ಏನು ಬೇಕು?

ಒಂದು ಹಾಳೆಯಲ್ಲಿ ಹೆಸರು ಮತ್ತು ಅಗತ್ಯ ಬರೆದುಕೊಳ್ಳಿ. ಒಬ್ಬರಿಗೆ ಆಗಾಗ ಒಂದೆರಡು ಫೈಲು ಮಾತ್ರ ಬೇಕು ಎಂದಾದರೆ ಆ ಫೈಲುಗಳನ್ನು ಕ್ಲೌಡ್ ಸಂಗ್ರಹಕ್ಕೆ ಹಾಕಿ. ಇಷ್ಟೆಲ್ಲ ಏರ್ಪಾಡು ಬೇಡ. ಒಂದೇ ಕಂಪ್ಯೂಟರನ್ನು ಯಾವಾಗಲೋ ಒಮ್ಮೆ ನೋಡಬೇಕಿದ್ದರೆ ಟೀಮ್‌ವ್ಯೂವರ್, ಎನಿಡೆಸ್ಕ್‌ನಂಥ ತಂತ್ರಾಂಶ ಸಾಕು. ಅದಕ್ಕೂ ಎರಡು ಹಂತದ ಲಾಗಿನ್ ಹಾಕುವುದನ್ನು ಮಾತ್ರ ಮರೆಯಬೇಡಿ.

ಲೆಕ್ಕಪತ್ರದ ತಂತ್ರಾಂಶ ಬಳಸುವವರ ವಿಷಯ ಬೇರೆ. ಅದರ ದತ್ತಾಂಶ ನಾಸ್‌ನ ಒಂದು ಫೋಲ್ಡರಿನಲ್ಲಿದ್ದು, ತಂತ್ರಾಂಶ ಆ ಫೈಲನ್ನೇ ನೇರವಾಗಿ ತೆರೆಯುವಂತಿದ್ದರೆ, ಮನೆಯ ಲ್ಯಾಪ್‌ಟಾಪಿನಿಂದ ಸುರಂಗದ ಮೂಲಕ ಅದನ್ನು ತೆರೆಯಬೇಡಿ. ಕಚೇರಿಯ ಒಳಗೆ ಒಂದು ಮಿಲಿಸೆಕೆಂಡಿಗೂ ಕಡಿಮೆ ಹಿಡಿಯುವ ಪ್ರತಿ ಓದು-ಬರಹ ಹೊರಗಿನಿಂದ ಹತ್ತಾರು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಒಂದು ಪುಟ ತೆರೆಯಲು ಅಂಥ ಸಾವಿರಾರು ಓದು ಬೇಕು. ನಡುವೆ ಸಂಪರ್ಕ ಕಡಿದರೆ ಫೈಲು ಕೆಡುವ ಅಪಾಯ ಬೇರೆ. ಇಂಥವರು ಕಚೇರಿಯ ಕಂಪ್ಯೂಟರನ್ನೇ ರಿಮೋಟ್ ಡೆಸ್ಕ್‌ಟಾಪಿನಲ್ಲಿ ತೆರೆದು ಅಲ್ಲೇ ಕೆಲಸ ಮಾಡಬೇಕು. ಆಗ ದಾರಿಯಲ್ಲಿ ಓಡಾಡುವುದು ಪರದೆಯ ಚಿತ್ರ ಮತ್ತು ಕೀಲಿಮಣೆಯ ಒತ್ತು ಮಾತ್ರ.

ಇದೇ ಹೊತ್ತಿಗೆ ಕಚೇರಿಯ ಅಪ್‌ಲೋಡ್ ವೇಗ ಅಳೆದುಕೊಳ್ಳಿ. ಮನೆಯಲ್ಲಿ ಕುಳಿತವರಿಗೆ ಸಿಗುವುದು ಕಚೇರಿಯ ಡೌನ್‌ಲೋಡ್ ವೇಗವಲ್ಲ, ಅಪ್‌ಲೋಡ್ ವೇಗ.

ಹೆಜ್ಜೆ 2: ಕಚೇರಿಗೆ ನಿಜವಾದ ಹೊರ ವಿಳಾಸ ಇದೆಯೇ?

ರೂಟರಿನ ಪುಟದಲ್ಲಿ ವ್ಯಾನ್ ಐಪಿ (ಇಂಟರ್‌ನೆಟ್ ಬದಿಯ ವಿಳಾಸ) ಎಂದು ತೋರಿಸುವ ವಿಳಾಸ ನೋಡಿ. ನಂತರ ಕಚೇರಿಯ ಯಾವುದಾದರೂ ಕಂಪ್ಯೂಟರಿನಿಂದ, ನಿಮ್ಮ ಐಪಿ ಯಾವುದು ಎಂದು ಹೇಳುವ ಜಾಲತಾಣಕ್ಕೆ ಹೋಗಿ ನೋಡಿ. ಎರಡೂ ಒಂದೇ ಆಗಿದ್ದರೆ ಸರಿ, ಮುಂದೆ ಹೋಗಬಹುದು.

ಬೇರೆಬೇರೆ ಆಗಿದ್ದರೆ ಎರಡು ಸಾಧ್ಯತೆ. ವ್ಯಾನ್ ವಿಳಾಸ 192.168 ಅಥವಾ 10ರಿಂದ ಶುರುವಾಗುತ್ತಿದ್ದರೆ ಸಾಮಾನ್ಯವಾಗಿ ನಿಮ್ಮ ರೂಟರಿನ ಮುಂದೆ ಇಂಟರ್‌ನೆಟ್ ಕಂಪನಿಯ ಇನ್ನೊಂದು ರೂಟರ್ ಕೂತಿದೆ ಎಂದರ್ಥ. ಅದನ್ನು ಬ್ರಿಡ್ಜ್ ಮೋಡ್‌ಗೆ (ತಾನು ರೂಟರ್ ಆಗದೆ ಸಂಪರ್ಕವನ್ನಷ್ಟೇ ದಾಟಿಸುವ ಸ್ಥಿತಿ) ಹಾಕಿಸಿ, ಆಗದಿದ್ದರೆ ಎರಡರಲ್ಲೂ ಪೋರ್ಟ್ ತಿರುಗಿಸಬೇಕು. ವಿಳಾಸ 100.64ರಿಂದ 100.127ರ ನಡುವೆ ಇದ್ದರೆ ನೀವಿರುವುದು ಸಿಜಿನ್ಯಾಟ್‌ನ ಹಿಂದೆ. ಐಪಿವಿ4 ವಿಳಾಸಗಳ ಕೊರತೆಯಿಂದ ಕಂಪನಿ ಒಂದೇ ಹೊರ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚುತ್ತಿದೆ. ಆಗ ನೀವು ರೂಟರಿನಲ್ಲಿ ಯಾವ ಪೋರ್ಟ್ ತೆರೆದರೂ ಹೊರಗಿನಿಂದ ಯಾರೂ ಅದನ್ನು ತಲುಪಲಾರರು. ಕಂಪನಿಯಿಂದ ಸ್ಥಿರ ಐಪಿ ಕೇಳಿ ಪಡೆಯುವುದು ಒಂದು ದಾರಿ.

ಇನ್ನೊಂದು ದಾರಿ ಟೇಲ್‌ಸ್ಕೇಲ್ ಅಥವಾ ಜೀರೋಟಿಯರ್ ಎಂಬ ಸಿದ್ಧ ಸುರಂಗ ಸೇವೆ. ಇವುಗಳಲ್ಲಿ ಎರಡೂ ಬದಿಯ ಯಂತ್ರಗಳು ತಾವೇ ಹೊರಗೆ ಕರೆ ಮಾಡಿ ನಡುವೆ ಕೂಡುತ್ತವೆ. ಹಾಗಾಗಿ ಪೋರ್ಟ್ ತೆರೆಯುವ ಪ್ರಮೇಯವೇ ಇಲ್ಲ. ಟೇಲ್‌ಸ್ಕೇಲ್ ಒಳಗೆ ಇರುವುದೂ ಮುಂದೆ ಹೇಳಲಿರುವ ವೈರ್‌ಗಾರ್ಡ್. ಕಚೇರಿಯಲ್ಲಿ ಯಾವಾಗಲೂ ಚಾಲೂ ಇರುವ ಒಂದು ಯಂತ್ರಕ್ಕೆ ಟೇಲ್‌ಸ್ಕೇಲ್ ಹಾಕಿ, ಅದನ್ನು ಸಬ್‌ನೆಟ್ ರೂಟರ್ (ಕಚೇರಿಯ ಉಳಿದ ಯಂತ್ರಗಳಿಗೆ ದಾರಿ ಕೊಡುವ ಯಂತ್ರ) ಆಗಿ ಮಾಡಿ, ನಿರ್ವಹಣಾ ಪುಟದಲ್ಲಿ ಆ ಮಾರ್ಗಕ್ಕೆ ಒಪ್ಪಿಗೆ ಕೊಟ್ಟರೆ ಇಡೀ ಕಚೇರಿ ನೆಟ್‌ವರ್ಕ್ ಸಿಗುತ್ತದೆ. ಒಂದು ಎಚ್ಚರಿಕೆ: ಪ್ರತಿ ಯಂತ್ರದ ಕೀಲಿಗೆ ಪೂರ್ವನಿಯೋಜಿತವಾಗಿ 180 ದಿನಗಳ ಅವಧಿ ಇರುತ್ತದೆ. ಕಚೇರಿಯ ಆ ಒಂದು ಯಂತ್ರಕ್ಕೆ ಅವಧಿಯನ್ನು ತೆಗೆದುಹಾಕಿ, ಇಲ್ಲದಿದ್ದರೆ ಆರು ತಿಂಗಳು ಚೆನ್ನಾಗಿ ನಡೆದದ್ದು ಒಂದು ಬೆಳಗ್ಗೆ ಕಾರಣವಿಲ್ಲದೆ ನಿಂತಂತೆ ಕಾಣುತ್ತದೆ. ಈ ದಾರಿ ಹಿಡಿದವರು 4ನೇ ಹೆಜ್ಜೆ ಬಿಟ್ಟು ಉಳಿದದ್ದನ್ನು ಓದಿ. ಸುರಂಗದ ವಿಳಾಸಗಳು ಟೇಲ್‌ಸ್ಕೇಲ್ ಕೊಟ್ಟಂತೆ ಇರುತ್ತವೆ; ಕಚೇರಿಯ ಕಂಪ್ಯೂಟರುಗಳಿಗೆ ಮಾತ್ರ ಕರೆ ಸಾಮಾನ್ಯವಾಗಿ ಆ ಸಬ್‌ನೆಟ್ ರೂಟರಿನ ವಿಳಾಸದಿಂದಲೇ ಬಂದಂತೆ ಕಾಣುತ್ತದೆ.

ಹೊರ ವಿಳಾಸ ನಿಮ್ಮದೇ ಆಗಿದ್ದು ಆಗಾಗ ಬದಲಾಗುತ್ತಿದ್ದರೆ ರೂಟರಿನಲ್ಲಿ ಡೈನಾಮಿಕ್ ಡಿಎನ್‌ಎಸ್ (ಕಚೇರಿಯ ಹೊರ ವಿಳಾಸಕ್ಕೊಂದು ಹೆಸರು ಕೊಡುವ ಸೇವೆ) ಹಾಕಿಕೊಳ್ಳಿ. ವಿಳಾಸ ಬದಲಾದರೂ ಹೆಸರು ಅದೇ ಇರುತ್ತದೆ.

ಹೆಜ್ಜೆ 3: ಕಚೇರಿಯ ಒಳ ವಿಳಾಸಗಳನ್ನು ಬದಲಿಸಿ

ಇದನ್ನು ಹಾರಿಸಿ ಮುಂದೆ ಹೋಗುವವರೇ ಹೆಚ್ಚು, ಮತ್ತು ಇಲ್ಲಿಗೇ ಹಿಂದಿರುಗಿ ಬರುವವರೂ ಅವರೇ.

ಅಂಗಡಿಯಿಂದ ತಂದ ರೂಟರುಗಳಲ್ಲಿ ಹೆಚ್ಚಿನವು 192.168.1.0/24 ಅಥವಾ 192.168.0.0/24 ಎಂಬ ಶ್ರೇಣಿಯಲ್ಲೇ ವಿಳಾಸ ಕೊಡುತ್ತವೆ (/24 ಎಂದರೆ ಮೊದಲ ಮೂರು ಸಂಖ್ಯೆ ಎಲ್ಲಕ್ಕೂ ಒಂದೇ, ಕೊನೆಯದು ಮಾತ್ರ ಬೇರೆ). ಕಚೇರಿಯಲ್ಲಿಯೂ ಅದೇ, ಮನೆಯಲ್ಲಿಯೂ ಅದೇ. ಮನೆಯಿಂದ ಸುರಂಗ ಹಾಕಿ 192.168.1.20 ಎಂಬ ಕಚೇರಿ ಕಂಪ್ಯೂಟರನ್ನು ಕರೆದರೆ ಲ್ಯಾಪ್‌ಟಾಪು ಆ ವಿಳಾಸ ಮನೆಯೊಳಗೇ ಇದೆ ಎಂದುಕೊಂಡು ಮನೆಯ ಟಿವಿಯನ್ನೋ ಫೋನನ್ನೋ ತಟ್ಟುತ್ತದೆ. ಸುರಂಗ ಸರಿಯಾಗಿಯೇ ಇರುತ್ತದೆ, ಏನೂ ಕೆಲಸ ಮಾಡುವುದಿಲ್ಲ.

ಆದ್ದರಿಂದ ಕಚೇರಿಗೆ ಯಾರೂ ಸಾಮಾನ್ಯವಾಗಿ ಬಳಸದ ಶ್ರೇಣಿ ಆರಿಸಿ. ಈ ಬರಹದ ಉದಾಹರಣೆಗಾಗಿ ಕಚೇರಿಗೆ 10.37.20.0/24, ಸುರಂಗಕ್ಕೆ ಪ್ರತ್ಯೇಕವಾಗಿ 10.37.99.0/24 ಎಂದಿಟ್ಟುಕೊಳ್ಳೋಣ. ನೀವು ನಿಮ್ಮದೇ ಸಂಖ್ಯೆ ಇಟ್ಟುಕೊಳ್ಳಿ. 10.0.0.0/24, 10.1.1.0/24ರಂಥ ನೆನಪಿಗೆ ಸುಲಭವಾದವು ಬೇರೆಯವರಿಗೂ ಸುಲಭವೇ, ಬಿಟ್ಟುಬಿಡಿ.

ಬದಲಾವಣೆ ರಜಾದಿನ ಮಾಡಿ. ಡಿಎಚ್‌ಸಿಪಿಯಿಂದ, ಅಂದರೆ ರೂಟರ್ ತಾನೇ ಹಂಚುವ ವ್ಯವಸ್ಥೆಯಿಂದ, ವಿಳಾಸ ಪಡೆಯುವ ಕಂಪ್ಯೂಟರುಗಳು ಮರುಚಾಲನೆಯಾದರೆ ತಾವೇ ಹೊಂದಿಕೊಳ್ಳುತ್ತವೆ. ಕಾಟ ಕೊಡುವುದು ಯಾವ ಕಾಲದಲ್ಲೋ ಯಾರೋ ಕೈಯಾರೆ ವಿಳಾಸ ಬರೆದಿಟ್ಟ ಸಾಧನಗಳು: ಪ್ರಿಂಟರ್, ನಾಸ್, ಕ್ಯಾಮೆರಾ ರೆಕಾರ್ಡರ್, ಹಾಜರಾತಿ ಯಂತ್ರ. ರೂಟರಿನ ಪುಟ ಬದಲಿಸುವ ಮೊದಲೇ ಇವುಗಳ ಪಟ್ಟಿ ಮಾಡಿ, ಪ್ರತಿಯೊಂದನ್ನೂ ಡಿಎಚ್‌ಸಿಪಿಗೆ ತಿರುಗಿಸಿ. ಆಮೇಲೆ ರೂಟರಿನಲ್ಲೇ ಮ್ಯಾಕ್ ವಿಳಾಸದ (ಸಾಧನಕ್ಕೆ ತಯಾರಕರು ಕೊಟ್ಟ ಗುರುತು) ಆಧಾರದಲ್ಲಿ ಪ್ರತಿಯೊಂದಕ್ಕೂ ಒಂದು ಐಪಿ ಕಾಯ್ದಿರಿಸಿ. ಸ್ಕ್ಯಾನ್ ಮಾಡಿದ್ದನ್ನು ನೇರ ಫೋಲ್ಡರಿಗೆ ಕಳಿಸುವ ಪ್ರಿಂಟರಿನಲ್ಲಿ ಆ ಫೋಲ್ಡರಿನ ಹಳೆಯ ಐಪಿ ಅಡಗಿ ಕೂತಿರುತ್ತದೆ. ಅದನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ, ಸೋಮವಾರ ಬೆಳಗ್ಗೆ ದೂರು ಬಂದಾಗ ನೆನಪಾಗುತ್ತದೆ. ಹೊರಗಿನಿಂದ ತೆರೆಯಬೇಕಾದ ಪ್ರತಿ ಕಂಪ್ಯೂಟರಿಗೂ ಹೀಗೇ ಐಪಿ ಕಾಯ್ದಿರಿಸಿ. ಉದಾಹರಣೆಗೆ ಲೆಕ್ಕಪತ್ರದ ಕಂಪ್ಯೂಟರಿಗೆ 10.37.20.31.

ಹೆಜ್ಜೆ 4: ಸುರಂಗ

ವಿಪಿಎನ್‌ಗಳಲ್ಲಿ ನನ್ನ ಆಯ್ಕೆ ವೈರ್‌ಗಾರ್ಡ್. 2020ರಿಂದ ಲಿನಕ್ಸ್ ಕರ್ನಲ್‌ನ 5.6ನೇ ಆವೃತ್ತಿಯೊಂದಿಗೆ ಅದು ಲಿನಕ್ಸ್‌ನ ಒಳಗೇ ಸೇರಿದೆ. ಸರಿಯಾದ ಕೀಲಿ ಇಲ್ಲದವರು ತಟ್ಟಿದರೆ ಅದು ಉತ್ತರವನ್ನೇ ಕೊಡುವುದಿಲ್ಲ; ಹುಡುಕುವ ಯಂತ್ರಕ್ಕೆ ಅಲ್ಲಿ ಏನೋ ಇದೆ ಎಂಬ ಸುಳಿವೂ ಸಿಗುವುದಿಲ್ಲ. ಓಪನ್‌ವಿಪಿಎನ್ ಕೂಡ ಒಳ್ಳೆಯದೇ, ನಿಮ್ಮ ರೂಟರಿನಲ್ಲಿ ಅದೊಂದೇ ಇದ್ದರೆ ಧಾರಾಳವಾಗಿ ಬಳಸಿ. ಪಿಪಿಟಿಪಿ ಎಂಬ ಹೆಸರು ಕಂಡರೆ ಮಾತ್ರ ಮುಟ್ಟಬೇಡಿ, ಅದರ ರಕ್ಷಣೆ ಮುರಿದು ಹಲವು ವರ್ಷಗಳಾದವು.

ವೈರ್‌ಗಾರ್ಡ್ ಅನ್ನು ರೂಟರಿನಲ್ಲೇ ಹಾಕುವುದು ಉತ್ತಮ. ರೂಟರಿನಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಸದಾ ಚಾಲೂ ಇರುವ ಒಂದು ಚಿಕ್ಕ ಲಿನಕ್ಸ್ ಪೆಟ್ಟಿಗೆಯಲ್ಲಿ ಹಾಕಿ, ರೂಟರಿನಿಂದ ಯುಡಿಪಿ 51820ನೇ ಪೋರ್ಟನ್ನು ಅದರತ್ತ ತಿರುಗಿಸಿ (ಯುಡಿಪಿ, ಟಿಸಿಪಿ ಇವು ದತ್ತಾಂಶ ಸಾಗಿಸುವ ಎರಡು ಬಗೆ). ಎರಡನೆಯ ದಾರಿಯಲ್ಲಿ ಇನ್ನೆರಡು ಕೆಲಸ ಇವೆ. ಪೆಟ್ಟಿಗೆಯಲ್ಲಿ ಐಪಿ ಫಾರ್ವರ್ಡಿಂಗ್ (ಒಂದು ನೆಟ್‌ವರ್ಕ್‌ನಿಂದ ಬಂದದ್ದನ್ನು ಇನ್ನೊಂದಕ್ಕೆ ದಾಟಿಸುವುದು) ಚಾಲೂ ಮಾಡಬೇಕು. ರೂಟರಿನಲ್ಲಿ 10.37.99.0/24ಕ್ಕೆ ಹೋಗುವ ದಾರಿ ಆ ಪೆಟ್ಟಿಗೆಯ ವಿಳಾಸದ ಮೂಲಕ ಎಂದು ಸ್ಥಿರ ಮಾರ್ಗ ಬರೆಯಬೇಕು. ಇದು ಇಲ್ಲದಿದ್ದರೆ ನಿಮ್ಮ ಕರೆ ಕಚೇರಿ ಕಂಪ್ಯೂಟರನ್ನು ಮುಟ್ಟುತ್ತದೆ, ಉತ್ತರ ಮಾತ್ರ ದಾರಿ ತಪ್ಪಿ ಇಂಟರ್‌ನೆಟ್ ಕಡೆಗೆ ಹೋಗಿ ಕಳೆದುಹೋಗುತ್ತದೆ.

ಈಗ ಕೀಲಿಗಳು. ವೈರ್‌ಗಾರ್ಡ್‌ನಲ್ಲಿ ಬಳಕೆದಾರರ ಹೆಸರು, ಪಾಸ್‌ವರ್ಡ್ ಎಂಬುದಿಲ್ಲ. ಪ್ರತಿ ಸಾಧನಕ್ಕೂ ಒಂದು ಜೋಡಿ: ಗುಟ್ಟಾಗಿಡಬೇಕಾದ ಪ್ರೈವೇಟ್ ಕೀ, ಎದುರು ಬದಿಗೆ ಕೊಡಬಹುದಾದ ಪಬ್ಲಿಕ್ ಕೀ. ರೂಟರಿನಲ್ಲಿ ವೈರ್‌ಗಾರ್ಡ್ ಸರ್ವರ್ ಆರಂಭಿಸಿ ಅದಕ್ಕೆ 10.37.99.1 ಕೊಡಿ. ಪ್ರತಿ ಸಾಧನವನ್ನೂ ಒಂದು ಪಿಯರ್ (ಸುರಂಗದ ಎದುರು ತುದಿ) ಆಗಿ ಸೇರಿಸಿ. ಆ ಪಿಯರ್‌ನ ಅಲೌಡ್ ಐಪೀಸ್ (ಸುರಂಗದಲ್ಲಿ ಆ ತುದಿಯತ್ತ ಹೋಗಬೇಕಾದ ವಿಳಾಸಗಳು) ಜಾಗದಲ್ಲಿ ಆ ಸಾಧನದ ಒಂದೇ ವಿಳಾಸ, ಅಂದರೆ 10.37.99.11/32, ಮುಂದಿನದಕ್ಕೆ 10.37.99.12/32, ಹೀಗೆ.

ಬಳಸುವವರ ಬದಿಯಲ್ಲಿ ನಾಲ್ಕು ಸಂಗತಿ ಬರೆಯಬೇಕು. ತನ್ನ ವಿಳಾಸ. ರೂಟರಿನ ಪಬ್ಲಿಕ್ ಕೀ. ಎಂಡ್‌ಪಾಯಿಂಟ್, ಅಂದರೆ ಕಚೇರಿಯ ಹೊರ ಹೆಸರು ಮತ್ತು 51820. ಕೊನೆಗೆ ಅಲೌಡ್ ಐಪೀಸ್: ಇಲ್ಲಿ 10.37.20.0/24 ಮತ್ತು 10.37.99.0/24 ಎರಡನ್ನೂ ಬರೆಯಿರಿ. ಹೀಗೆ ಮಾಡಿದರೆ ಕಚೇರಿಗೆ ಹೋಗಬೇಕಾದದ್ದು ಮಾತ್ರ ಸುರಂಗ ಹಿಡಿಯುತ್ತದೆ, ವಿಡಿಯೋ ಕರೆ ಮುಂತಾದವು ಮನೆಯ ಸಂಪರ್ಕದಿಂದಲೇ ನೇರ ಹೋಗುತ್ತವೆ. ಕೆಲವು ಸಿದ್ಧ ಮಾದರಿಗಳಲ್ಲಿ 0.0.0.0/0 ಎಂದು ಬಂದಿರುತ್ತದೆ. ಅದನ್ನು ಹಾಗೇ ಉಳಿಸಿದರೆ ಆ ಲ್ಯಾಪ್‌ಟಾಪಿನಲ್ಲಿ ನೋಡುವ ಪ್ರತಿ ಪುಟವೂ ಕಚೇರಿಯ ಮೂಲಕ ಸುತ್ತಿ ಬರುತ್ತದೆ.

ಒಂದೇ ಕೀಲಿಯನ್ನು ಎರಡು ಸಾಧನಕ್ಕೆ ಹಾಕಬೇಡಿ. ಎರಡೂ ಒಟ್ಟಿಗೆ ಚಾಲೂ ಆದರೆ ಒಂದನ್ನೊಂದು ಹೊರದಬ್ಬುತ್ತವೆ, ಸಂಪರ್ಕ ಬಂದು ಹೋಗಿ ಮಾಡುತ್ತದೆ. ಲ್ಯಾಪ್‌ಟಾಪಿಗೊಂದು, ಫೋನಿಗೊಂದು. ಪಬ್ಲಿಕ್ ಕೀ ಹಾಕುವ ಜಾಗದಲ್ಲಿ ತಮ್ಮದನ್ನೇ ಹಾಕಿಕೊಂಡು ತಲೆ ಕೆಡಿಸಿಕೊಳ್ಳುವುದೂ ಮಾಮೂಲಿ: ಎರಡೂ ಬದಿಯಲ್ಲಿ ಹಾಕಬೇಕಾದದ್ದು ಎದುರಿನವರ ಪಬ್ಲಿಕ್ ಕೀ.

ಹೆಜ್ಜೆ 5: ಕಚೇರಿಯ ಕಂಪ್ಯೂಟರ್ ಸಿದ್ಧಪಡಿಸುವುದು

ರಿಮೋಟ್ ಡೆಸ್ಕ್‌ಟಾಪಿಗೆ ಉತ್ತರಿಸುವ ಕಂಪ್ಯೂಟರಿನಲ್ಲಿ ವಿಂಡೋಸ್ ಪ್ರೊ ಇರಬೇಕು; ಹೋಮ್ ಆವೃತ್ತಿಗೆ ಆ ಸೌಲಭ್ಯ ಇಲ್ಲ. ಮನೆಯಿಂದ ಕರೆಯುವ ಬದಿಯಲ್ಲಿ ಹೋಮ್ ಇದ್ದರೂ ತೊಂದರೆಯಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರಡಿ ರಿಮೋಟ್ ಡೆಸ್ಕ್‌ಟಾಪ್ ಚಾಲೂ ಮಾಡಿ. ನೆಟ್‌ವರ್ಕ್ ಲೆವೆಲ್ ಅಥೆಂಟಿಕೇಶನ್ ಎಂಬ ಗುರುತು ಇರಲಿ. ಯಾರು ಬಳಸಬಹುದು ಎಂಬ ಪಟ್ಟಿಗೆ ಅವರ ಖಾತೆಯನ್ನಷ್ಟೇ ಸೇರಿಸಿ, ಆಡಳಿತಗಾರರ ಖಾತೆ ಬೇಡ. ಕಂಪ್ಯೂಟರಿನ ಮುಂದೆ ಕೂತು ನಾಲ್ಕಂಕಿಯ ಪಿನ್ ಒತ್ತಿ ಒಳಹೋಗುವ ಅಭ್ಯಾಸವಿದ್ದವರಿಗೆ ಇಲ್ಲಿ ಪಾಸ್‌ವರ್ಡ್ ಬೇಕಾಗುತ್ತದೆ. ಎಷ್ಟೋ ಜನಕ್ಕೆ ಅದು ಮರೆತೇ ಹೋಗಿರುತ್ತದೆ, ಮೊದಲೇ ಕೇಳಿ ನೋಡಿ. ಪಾಸ್‌ವರ್ಡೇ ಇಲ್ಲದ ಖಾತೆಯನ್ನು ವಿಂಡೋಸ್ ಹೊರಗಿನಿಂದ ಬಿಟ್ಟುಕೊಳ್ಳುವುದಿಲ್ಲ.

ಪ್ರೊ ಆವೃತ್ತಿಯಲ್ಲಿ ಒಂದು ಹೊತ್ತಿಗೆ ಒಬ್ಬರು ಮಾತ್ರ. ಮನೆಯಿಂದ ಒಬ್ಬರು ಒಳಬಂದರೆ ಕಚೇರಿಯ ಪರದೆಗೆ ಬೀಗ ಬೀಳುತ್ತದೆ. ಒಂದೇ ಯಂತ್ರದಲ್ಲಿ ನಾಲ್ವರು ಒಟ್ಟಿಗೆ ಕೆಲಸ ಮಾಡಬೇಕೆಂದರೆ ವಿಂಡೋಸ್ ಸರ್ವರ್ ಮತ್ತು ಅದರ ಪ್ರತ್ಯೇಕ ಪರವಾನಗಿ ಬೇಕು.

ವಿಂಡೋಸ್ ಫೈರ್‌ವಾಲ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪಿನ ನಿಯಮಗಳನ್ನು ತೆರೆದು, ಸ್ಕೋಪ್ ಎಂಬ ಭಾಗದಲ್ಲಿ ದೂರದ ವಿಳಾಸವಾಗಿ 10.37.99.0/24 ಮಾತ್ರ ಬರೆಯಿರಿ. ಫೈಲು ಹಂಚಿಕೆಯ ವಿಷಯದಲ್ಲಿ ಇದರ ಉಲ್ಟಾ ಸಮಸ್ಯೆ ಬರುತ್ತದೆ: ಅದರ ನಿಯಮ ಸಾಮಾನ್ಯವಾಗಿ ಒಂದೇ ಸಬ್‌ನೆಟ್‌ನವರಿಗೆ, ಅಂದರೆ ಒಂದೇ ಶ್ರೇಣಿಯ ವಿಳಾಸದವರಿಗೆ, ಸೀಮಿತ. ಪಿಂಗ್ (ಯಂತ್ರ ಉತ್ತರಿಸುತ್ತದೆಯೇ ಎಂದು ತಟ್ಟಿ ನೋಡುವುದು) ಕೂಡ ಹಾಗೆಯೇ. ಸುರಂಗದಿಂದ ಬಂದವರ ವಿಳಾಸ ಬೇರೆ ಸಬ್‌ನೆಟ್‌ನದ್ದಾದ್ದರಿಂದ ವಿಂಡೋಸ್ ಅವರಿಗೆ ಸದ್ದಿಲ್ಲದೆ ಬಾಗಿಲು ಹಾಕುತ್ತದೆ. ಬೇಕಿದ್ದಲ್ಲಿ ಅಲ್ಲಿಗೆ ಸುರಂಗದ ಶ್ರೇಣಿ ಸೇರಿಸಿ.

ಕಂಪ್ಯೂಟರ್ ನಿದ್ದೆಗೆ ಹೋಗದಂತೆ ಪವರ್ ಸೆಟ್ಟಿಂಗ್ ಬದಲಿಸಿ. ಕರೆಂಟು ಹೋಗಿ ಬಂದಾಗ ತಾನೇ ಚಾಲೂ ಆಗುವ ಆಯ್ಕೆ ಬಯಾಸ್‌ನಲ್ಲಿದೆ, ಅದನ್ನೂ ಹಾಕಿ. ಮಲಗಿದ ಕಂಪ್ಯೂಟರನ್ನು ನೆಟ್‌ವರ್ಕ್‌ನಿಂದ ಎಬ್ಬಿಸುವ ವೇಕ್-ಆನ್-ಲ್ಯಾನ್ ನೆಚ್ಚಿಕೊಳ್ಳುವವರಿಗೆ ಒಂದು ಮಾತು: ಎಬ್ಬಿಸುವ ಆ ಪ್ಯಾಕೆಟ್ ಬ್ರಾಡ್‌ಕಾಸ್ಟ್ ಆಗಿ, ಅಂದರೆ ಒಳಗಿನ ಎಲ್ಲ ಯಂತ್ರಗಳಿಗೂ ಒಟ್ಟಿಗೆ, ಹೋಗುವಂಥದ್ದು, ವೈರ್‌ಗಾರ್ಡ್ ಸುರಂಗ ದಾಟುವುದಿಲ್ಲ. ಸುರಂಗದ ಮೂಲಕ ರೂಟರಿನ ಪುಟಕ್ಕೆ ಹೋಗಿ ಅಲ್ಲಿಂದ ಎಬ್ಬಿಸಬೇಕು.

ಹೆಜ್ಜೆ 6: ಪರೀಕ್ಷೆ, ಒಂದೊಂದೇ ಮೆಟ್ಟಿಲು

ಕಚೇರಿಯ ವೈಫೈಯಲ್ಲೇ ಇದ್ದುಕೊಂಡು ಪರೀಕ್ಷಿಸಿದರೆ ಫಲಿತಾಂಶ ನಂಬುವಂತಿಲ್ಲ. ಲ್ಯಾಪ್‌ಟಾಪನ್ನು ಫೋನಿನ ಹಾಟ್‌ಸ್ಪಾಟಿಗೆ ಸೇರಿಸಿ, ಸುರಂಗ ಚಾಲೂ ಮಾಡಿ, ಈ ಕ್ರಮದಲ್ಲೇ ನೋಡಿ.

ಮೊದಲು ಹ್ಯಾಂಡ್‌ಶೇಕ್, ಅಂದರೆ ಎರಡೂ ತುದಿಗಳು ಪರಸ್ಪರ ಗುರುತಿಸಿಕೊಳ್ಳುವುದು. ವೈರ್‌ಗಾರ್ಡ್ ತಂತ್ರಾಂಶ ಸುರಂಗ ಚಾಲೂ ಎಂದು ಹಸಿರು ತೋರಿಸಿದ ಮಾತ್ರಕ್ಕೆ ಸಂಪರ್ಕ ಆಗಿದೆ ಎಂದಲ್ಲ. ಕೊನೆಯ ಹ್ಯಾಂಡ್‌ಶೇಕ್ ಯಾವಾಗ ಆಯಿತು ಎಂಬ ಸಾಲು ಕಾಣಬೇಕು. ಕಾಣದಿದ್ದರೆ ದೋಷ ಮೂರರಲ್ಲಿ ಒಂದು: ಪೋರ್ಟ್ ತಿರುಗಿಸಿದ್ದು ಸರಿಯಿಲ್ಲ (ಟಿಸಿಪಿ ಎಂದು ಹಾಕಿದ್ದೀರಾ ನೋಡಿ, ಬೇಕಾದ್ದು ಯುಡಿಪಿ), ಕೀಲಿ ಅದಲುಬದಲಾಗಿದೆ, ಅಥವಾ ಹೊರ ಹೆಸರು ಹಳೆಯ ಐಪಿಯನ್ನು ತೋರಿಸುತ್ತಿದೆ. ಕೆಲವು ಹೋಟೆಲು, ವಿಮಾನ ನಿಲ್ದಾಣಗಳ ವೈಫೈ ಯುಡಿಪಿಯನ್ನೇ ತಡೆಯುವುದುಂಟು. ಅಲ್ಲಿ ಹಾಟ್‌ಸ್ಪಾಟೇ ಗತಿ, ಇಲ್ಲವೇ ಟಿಸಿಪಿ 443ರ ಮೇಲೆ ಓಡುವ ಓಪನ್‌ವಿಪಿಎನ್ ಅನ್ನು ಎರಡನೆಯ ದಾರಿಯಾಗಿ ಇಟ್ಟುಕೊಳ್ಳಬೇಕು.

ಹ್ಯಾಂಡ್‌ಶೇಕ್ ಆದ ಮೇಲೆ 10.37.99.1ನ್ನು ಪಿಂಗ್ ಮಾಡಿ. ನಂತರ ರೂಟರಿನ ಕಚೇರಿ ಬದಿಯ ವಿಳಾಸ 10.37.20.1. ಮೊದಲನೆಯದು ಬಂದು ಎರಡನೆಯದು ಬರದಿದ್ದರೆ ಲ್ಯಾಪ್‌ಟಾಪಿನ ಅಲೌಡ್ ಐಪೀಸ್‌ನಲ್ಲಿ ಕಚೇರಿ ಶ್ರೇಣಿ ಬಿಟ್ಟುಹೋಗಿದೆ, ಅಥವಾ ರೂಟರಿನ ಫೈರ್‌ವಾಲ್ ಸುರಂಗದಿಂದ ಒಳಗೆ ಬಿಡುತ್ತಿಲ್ಲ. ಎರಡೂ ಬಂದು 10.37.20.31 ಬರದಿದ್ದರೆ ಆ ಕಂಪ್ಯೂಟರಿನ ಫೈರ್‌ವಾಲ್ ಇಲ್ಲವೇ ಹಿಂದಿರುಗುವ ದಾರಿಯನ್ನು ಅನುಮಾನಿಸಿ. ಪಿಂಗ್ ಬರದಿದ್ದರೂ ರಿಮೋಟ್ ಡೆಸ್ಕ್‌ಟಾಪ್ ತೆರೆದುಕೊಳ್ಳಬಹುದು, ಅದನ್ನೂ ಒಮ್ಮೆ ನೋಡಿಬಿಡಿ.

ತುಂಬ ಗೊಂದಲ ಹುಟ್ಟಿಸುವ ಲಕ್ಷಣ ಇನ್ನೊಂದಿದೆ. ಪಿಂಗ್ ಬರುತ್ತದೆ, ಲಾಗಿನ್ ಪೆಟ್ಟಿಗೆ ಬರುತ್ತದೆ, ಆಮೇಲೆ ಪರದೆ ಕಪ್ಪಾಗಿ ನಿಂತುಬಿಡುತ್ತದೆ. ಚಿಕ್ಕ ಪ್ಯಾಕೆಟ್ ದಾಟುತ್ತಿದೆ, ದೊಡ್ಡದು ಎಲ್ಲೋ ಸಿಕ್ಕಿಕೊಳ್ಳುತ್ತಿದೆ. ವೈರ್‌ಗಾರ್ಡ್‌ನ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಸಾಮಾನ್ಯವಾಗಿ 1420 ಇರುತ್ತದೆ. ಲ್ಯಾಪ್‌ಟಾಪಿನ ಬದಿಯಲ್ಲಿ ಅದನ್ನು 1280ಕ್ಕೆ ಇಳಿಸಿ ನೋಡಿ. ಕೆಲವು ನಿಮಿಷ ಸುಮ್ಮನಿದ್ದರೆ ಸಂಪರ್ಕ ಸಾಯುತ್ತಿದ್ದರೆ ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಸೆಕೆಂಡು ಎಂದು ಹಾಕಿ.

ಐಪಿಯಿಂದ ಎಲ್ಲ ತೆರೆದು, ಕಂಪ್ಯೂಟರಿನ ಹೆಸರಿನಿಂದ ತೆರೆಯದಿರುವುದು ದೋಷವಲ್ಲ. ಕಚೇರಿಯ ಒಳಗೆ ಹೆಸರುಗಳು ಬ್ರಾಡ್‌ಕಾಸ್ಟಿನಿಂದ ಪತ್ತೆಯಾಗುತ್ತವೆ, ಅದು ಸುರಂಗ ದಾಟದು. ರೂಟರ್ ಡಿಎನ್‌ಎಸ್ ಉತ್ತರಿಸುವಂತಿದ್ದರೆ ಅದರ ವಿಳಾಸವನ್ನು ಸುರಂಗದ ಡಿಎನ್‌ಎಸ್ ಆಗಿ ಕೊಡಿ. ಬೇಸರವೆನಿಸಿದರೆ ಐಪಿಯನ್ನೇ ಬರೆದ ಶಾರ್ಟ್‌ಕಟ್ ಮಾಡಿ ಕೊಟ್ಟುಬಿಡಿ, ಆರೆಂಟು ಜನರ ಕಚೇರಿಗೆ ಸಾಕು.

ಹೆಜ್ಜೆ 7: ಒಳಗೆ ಬಂದವರು ಎಲ್ಲಿಯವರೆಗೆ?

ಸುರಂಗ ಹೊತ್ತು ತರುವುದು ಮನುಷ್ಯರನ್ನು ಮಾತ್ರವಲ್ಲ, ಅವರ ಲ್ಯಾಪ್‌ಟಾಪಿನಲ್ಲಿರುವ ವೈರಸ್ಸನ್ನೂ. ಮನೆಮಂದಿಯೆಲ್ಲ ಬಳಸುವ ಕಂಪ್ಯೂಟರಿಗೆ ನಾಸ್‌ನ ಬಾಗಿಲು, ಅಂದರೆ 445ನೇ ಪೋರ್ಟ್, ತೆರೆದಿಟ್ಟರೆ ಅಲ್ಲಿ ಹೊಕ್ಕ ರ‍್ಯಾನ್ಸಮ್‌ವೇರ್ ಕಚೇರಿಯ ಫೈಲುಗಳಿಗೂ ಬೀಗ ಹಾಕಬಲ್ಲದು. ರೂಟರಿನ ಫೈರ್‌ವಾಲ್‌ನಲ್ಲಿ ಸುರಂಗದಿಂದ ಬರುವವರಿಗೆ ಆಯಾ ಕಂಪ್ಯೂಟರಿನ 3389ನ್ನಷ್ಟೇ ಬಿಡಿ. ನಾಸ್ ಬೇಕಾದವರಿಗೆ ಅವರ ಲ್ಯಾಪ್‌ಟಾಪು ಕಚೇರಿಯದ್ದೇ ಆಗಿದ್ದರೆ ಮಾತ್ರ ಕೊಡಿ. ಕ್ಯಾಮೆರಾ, ರೂಟರಿನ ನಿರ್ವಹಣಾ ಪುಟ ಇವು ನಿಮ್ಮ ಒಬ್ಬರ ವಿಳಾಸಕ್ಕೆ ಸಾಕು. ರಿಮೋಟ್ ಡೆಸ್ಕ್‌ಟಾಪಿನಲ್ಲಿ ಮನೆಯ ಡ್ರೈವ್‌ಗಳನ್ನು ಕಚೇರಿ ಕಂಪ್ಯೂಟರಿಗೆ ಜೋಡಿಸುವ ಆಯ್ಕೆಯನ್ನೂ ತೆಗೆದುಬಿಡಿ. ಇಷ್ಟಾದರೂ ನೆಟ್‌ವರ್ಕ್‌ನಿಂದ ಕೈಗೆಟುಕದಂತೆ ಬಿಚ್ಚಿಟ್ಟ ಒಂದು ಬ್ಯಾಕಪ್ ಡಿಸ್ಕ್ ಬೇಕೇ ಬೇಕು.

ವೈರ್‌ಗಾರ್ಡ್‌ನಲ್ಲಿ ಎರಡು ಹಂತದ ಲಾಗಿನ್ ಇಲ್ಲ. ಲ್ಯಾಪ್‌ಟಾಪ್ ಕದ್ದವರ ಕೈಗೆ ಕೀಲಿಯೂ ಸಿಕ್ಕಂತೆ. ಹಾಗಾಗಿ ಬಿಟ್‌ಲಾಕರ್ ಅಥವಾ ಅಂಥದ್ದೇ ಡಿಸ್ಕ್ ಎನ್‌ಕ್ರಿಪ್ಷನ್ ಕಡ್ಡಾಯ ಮಾಡಿ, ಮತ್ತು ರಿಮೋಟ್ ಡೆಸ್ಕ್‌ಟಾಪಿನ ಪಾಸ್‌ವರ್ಡನ್ನು ಲ್ಯಾಪ್‌ಟಾಪಿನಲ್ಲಿ ಉಳಿಸಲು ಬಿಡಬೇಡಿ.

ಹೆಜ್ಜೆ 8: ಆಮೇಲಿನ ನಿಗಾ

ಮೊದಲ ದಿನ ಮಾಡಿದ ಹಾಳೆಗೆ ಮೂರು ಕಾಲಂ ಸೇರಿಸಿ: ಸಾಧನ, ಸುರಂಗದ ವಿಳಾಸ, ಕೊಟ್ಟ ದಿನಾಂಕ. ಯಾರಾದರೂ ಕೆಲಸ ಬಿಟ್ಟ ದಿನವೇ ಅವರ ಪಿಯರ್ ಅಳಿಸಿ, ವಿಂಡೋಸ್ ಖಾತೆ ನಿಲ್ಲಿಸಿ. ಹಾಳೆ ಇಲ್ಲದಿದ್ದರೆ 10.37.99.14 ಯಾರದ್ದೆಂದು ಎರಡು ವರ್ಷದ ನಂತರ ಯಾರಿಗೂ ಹೇಳಲಾಗದು, ಗೊತ್ತಿಲ್ಲದ್ದನ್ನು ಅಳಿಸಲು ಧೈರ್ಯವೂ ಬಾರದು. ವಿಂಡೋಸ್‌ನ ಈವೆಂಟ್ ವ್ಯೂವರಿನಲ್ಲಿ ಸೆಕ್ಯುರಿಟಿ ಭಾಗ ತೆರೆದು 4625 ಸಂಖ್ಯೆಯ ನಮೂದುಗಳನ್ನು ಆಗಾಗ ನೋಡಿ. ಅವು ವಿಫಲವಾದ ಲಾಗಿನ್‌ಗಳು. ಎಲ್ಲ ಸರಿಯಿದ್ದರೆ ಅಲ್ಲಿ ಪಾಸ್‌ವರ್ಡ್ ತಪ್ಪಾಗಿ ಒತ್ತಿದ ನಿಮ್ಮವರ ಹೆಸರುಗಳಷ್ಟೇ ಇರುತ್ತವೆ. ಅಪರಿಚಿತ ಹೆಸರುಗಳ ಸಾಲೇ ಕಂಡರೆ ಎಲ್ಲೋ ಒಂದು ಪೋರ್ಟ್ ಹೊರಕ್ಕೆ ತೆರೆದಿರಬಹುದು. ರೂಟರಿನ ಯುಪಿಎನ್‌ಪಿ (ಸಾಧನಗಳು ತಾವೇ ಪೋರ್ಟ್ ತೆರೆದುಕೊಳ್ಳಲು ಬಿಡುವ ಸೌಲಭ್ಯ) ಚಾಲೂ ಇದೆಯೇ ಎಂದು ಮೊದಲು ನೋಡಿ, ಇದ್ದರೆ ನಿಲ್ಲಿಸಿ.

ರೂಟರಿನ ಫರ್ಮ್‌ವೇರ್ ಅಪ್‌ಡೇಟನ್ನು ಮುಂದೂಡಬೇಡಿ, ಆದರೆ ಕಚೇರಿಯಲ್ಲಿ ಯಾರಾದರೂ ಇರುವ ಹೊತ್ತಿನಲ್ಲೇ ಮಾಡಿ. ಫೈರ್‌ವಾಲ್ ನಿಯಮಗಳನ್ನು ದೂರದಿಂದ ಬದಲಿಸುವಾಗ ಒಂದು ಸಾಲು ತಪ್ಪಿದರೂ ನೀವೇ ಹೊರಗುಳಿಯುತ್ತೀರಿ. ಮೈಕ್ರೋಟಿಕ್‌ನಂಥ ರೂಟರುಗಳಲ್ಲಿ ಸೇಫ್ ಮೋಡ್ ಇದೆ. ಅದರಲ್ಲಿದ್ದಾಗ ಸಂಪರ್ಕ ಕಡಿದರೆ ಮಾಡಿದ ಬದಲಾವಣೆಗಳು ತಾವಾಗಿಯೇ ಹಿಂದಕ್ಕೆ ಹೋಗುತ್ತವೆ. ನಿಮ್ಮ ರೂಟರಿನಲ್ಲಿ ಅದು ಇಲ್ಲವಾದರೆ ಸೆಟ್ಟಿಂಗ್‌ಗಳ ಒಂದು ನಕಲನ್ನು ಮೊದಲು ಇಳಿಸಿಟ್ಟುಕೊಂಡು, ಕಚೇರಿಗೆ ಹೋಗಿಯೇ ಬದಲಿಸಿ.